ಸಿಹಿ ಮೆಣಸಿನ ಗಿಡದಲ್ಲಿ ಖಾರದ ಕಾಯಿ: ಕಾರಣ ಹೋದ ವರ್ಷದ ಹೂವಿನಲ್ಲಿದೆ

ಪ್ರಶ್ನೆ: ಸಂಬಂಧಿಕರೊಬ್ಬರು ಬಹಳ ವರ್ಷಗಳಿಂದ ಉಳಿಸಿಕೊಂಡು ಬಂದಿದ್ದ ಉದ್ದನೆಯ, ಕೆಂಪಗೆ ಹಣ್ಣಾಗುವ ಸಿಹಿ ಮೆಣಸಿನಕಾಯಿಯ ಬೀಜವನ್ನು ನನಗೆ ಕೊಟ್ಟಿದ್ದರು. ಹೋದ ವರ್ಷ ಬಿಟ್ಟ ಕಾಯಿಗಳೆಲ್ಲ ಸಿಹಿಯಾಗಿದ್ದವು. ಅವುಗಳಲ್ಲಿ ಚೆನ್ನಾಗಿ ಬಲಿತ ಒಂದೇ ಒಂದು ಹಣ್ಣಿನ ಬೀಜ ತೆಗೆದಿಟ್ಟು ಈ ವರ್ಷ ಆರು ಗಿಡ ಬೆಳೆಸಿದ್ದೇನೆ. ನಾಲ್ಕು ಗಿಡಗಳ ಕಾಯಿ ಸಿಹಿಯಾಗಿದೆ, ಎರಡರ ಕಾಯಿ ಬಾಯಿಗೆ ಇಡಲಾಗದಷ್ಟು ಖಾರ. ಪಕ್ಕದ ಸಾಲಿನಲ್ಲಿ ಖಾರದ ಮೆಣಸಿನ ಗಿಡಗಳಿವೆ. ಅವನ್ನು ಕೂಡಲೇ ಕೀಳದಿದ್ದರೆ ಉಳಿದ ನಾಲ್ಕಕ್ಕೂ ಖಾರ ಹತ್ತುತ್ತದೆ ಎಂದು ಒಬ್ಬರು ಹೇಳಿದರು. ಬೀಜಕ್ಕೆ ಮೂರು ಉಬ್ಬಿನ ‘ಗಂಡು’ ಕಾಯಿ ಆರಿಸಿದ್ದೇ ತಪ್ಪು ಎಂದು ಇನ್ನೊಬ್ಬರು ಹೇಳಿದರು. ಇದರ ಜೊತೆಗೆ ಬಿಸಿಲು ಜೋರಾದಾಗ ಹೂಗಳು ಉದುರುತ್ತಿವೆ, ಮೊದಲ ಕಾಯಿಗಳ ತುದಿ ಕಪ್ಪಾಗಿ ಒಳಕ್ಕೆ ಕುಸಿದಿತ್ತು. ಮೊಟ್ಟೆಯ ಚಿಪ್ಪಿನ ಪುಡಿ ಮತ್ತು ಎಪ್ಸಂ ಉಪ್ಪು ಹಾಕಿದ್ದೇನೆ. ಬೀಜ ಕೊಟ್ಟವರು ಈಗ ಬೆಳೆಯುತ್ತಿಲ್ಲ. ಅವರ ಪೊಟ್ಟಣದಲ್ಲಿ ಒಂದಿಷ್ಟು ಬೀಜ ಮಾತ್ರ ಉಳಿದಿದೆ. ತಳಿ ನನ್ನ ಕೈಯಲ್ಲಿ ಕೆಟ್ಟುಹೋಯಿತೇ?

ಉತ್ತರ: ತಳಿ ಕೆಟ್ಟಿಲ್ಲ. ನಿಮ್ಮ ನಾಲ್ಕು ಸಿಹಿ ಗಿಡಗಳಿಂದ ಅದನ್ನು ಮುಂದುವರಿಸಬಹುದು. ಆದರೆ ಈಗಾಗಲೇ ಆ ಗಿಡಗಳಲ್ಲಿ ಇರುವ ಕಾಯಿಗಳ ಬೀಜವನ್ನು ಮಾತ್ರ ತೆಗೆದಿಡಬೇಡಿ; ಅವನ್ನು ಅಡುಗೆಗೆ ಬಳಸಿ. ಖಾರದ ಗಿಡಗಳನ್ನು ಇಂದೇ ಕಿತ್ತು ಹಾಕಿದರೂ, ಈಗ ಗಿಡದಲ್ಲಿರುವ ಒಂದು ಕಾಯಿಯ ರುಚಿಯೂ ಅದರಿಂದ ಬದಲಾಗುವುದಿಲ್ಲ. ಈ ಮೂರು ಮಾತುಗಳು ಒಂದಕ್ಕೊಂದು ಹೊಂದುವುದಿಲ್ಲ ಎಂದು ಮೇಲ್ನೋಟಕ್ಕೆ ಅನ್ನಿಸಬಹುದು. ಕಾಯಿಯಲ್ಲಿ ಖಾರ ಎಲ್ಲಿ ಹುಟ್ಟುತ್ತದೆ ಎಂಬುದನ್ನು ನೋಡಿದರೆ ಮೂರೂ ಒಂದೇ ಕಾರಣದಿಂದ ಬಂದವು ಎಂದು ತಿಳಿಯುತ್ತದೆ.

ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ತಯಾರಾಗುವುದು ಬೀಜದಲ್ಲಲ್ಲ. ಬೀಜಗಳು ಅಂಟಿಕೊಂಡಿರುವ ಬಿಳಿಯ ದಿಂಡಿನಲ್ಲಿ ಮತ್ತು ಅದರಿಂದ ಕಾಯಿಯ ಗೋಡೆಗೆ ಹಬ್ಬಿರುವ ನರದಂತಹ ಪೊರೆಗಳಲ್ಲಿ. ಈ ದಿಂಡು, ಈ ಪೊರೆ, ನಾವು ತಿನ್ನುವ ದಪ್ಪ ಗೋಡೆ ಎಲ್ಲವೂ ತಾಯಿ ಗಿಡದ ಅಂಗಾಂಶಗಳು. ಹೂವಿಗೆ ಯಾವ ಗಿಡದ ಪರಾಗ ಬಂದರೂ ಕಾಯಿಯ ಗೋಡೆ ಮತ್ತು ದಿಂಡು ತಾಯಿಯ ಗುಣದಂತೆಯೇ ಬೆಳೆಯುತ್ತವೆ. ಹೊರಗಿನ ಪರಾಗದ ಪಾಲು ಸೇರುವುದು ಒಳಗಿನ ಬೀಜದಲ್ಲಿರುವ ಎಳೆಯ ಭ್ರೂಣಕ್ಕೆ ಮಾತ್ರ. ಆದ್ದರಿಂದ ಖಾರದ ಮೆಣಸಿನ ಪಕ್ಕದಲ್ಲಿ ನೆಟ್ಟ ಸಿಹಿ ಮೆಣಸಿನ ಕಾಯಿ ಅದೇ ವರ್ಷ ಖಾರವಾಗುತ್ತದೆ ಎಂಬ ಮಾತು, ಎಷ್ಟೇ ಜನ ಎಷ್ಟೇ ನಂಬಿಕೆಯಿಂದ ಹೇಳಿದರೂ, ಸರಿಯಲ್ಲ. ಆ ಮಾತಿನಲ್ಲಿ ಒಂದು ವರ್ಷ ತಡವಾಗಿ ಕಾಣುವ ಸತ್ಯ ಮಾತ್ರ ಇದೆ: ಹೋದ ವರ್ಷ ನೀವು ಬೀಜಕ್ಕೆಂದು ಆರಿಸಿದ ಆ ಸಿಹಿ ಹಣ್ಣಿನೊಳಗೆ, ಖಾರದ ಗಿಡದ ಪರಾಗದಿಂದ ಹುಟ್ಟಿದ ಕೆಲವು ಬೀಜಗಳಿದ್ದವು. ಅವೇ ಈಗ ಖಾರದ ಎರಡು ಗಿಡಗಳಾಗಿ ನಿಂತಿವೆ.

ಒಂದೇ ಹಣ್ಣಿನ ಬೀಜಗಳಲ್ಲಿ ಎರಡು ಬಗೆ ಹೇಗೆ ಎಂಬ ಸಂದೇಹ ಇಲ್ಲಿ ಸಹಜ. ಮೆಣಸಿನ ಹೂವು ದ್ವಿಲಿಂಗಿ. ತನ್ನದೇ ಪರಾಗದಿಂದ ಕಾಯಿ ಕಟ್ಟುವ ಶಕ್ತಿ ಅದಕ್ಕಿದೆ, ಸಾಮಾನ್ಯವಾಗಿ ಹಾಗೆಯೇ ಕಟ್ಟುತ್ತದೆ. ಆದರೆ ಹೂವು ಅರಳಿದ ತಕ್ಷಣ ಪರಾಗಕೋಶಗಳು ಬಿರಿಯುವುದಿಲ್ಲ. ಅರಳುವುದಕ್ಕೂ ಬಿರಿಯುವುದಕ್ಕೂ ನಡುವೆ ಕೆಲವು ಗಂಟೆಗಳ ಬಿಡುವಿರುತ್ತದೆ. ಆ ಹೊತ್ತಿನಲ್ಲಿ ಜೇನ್ನೊಣವೋ ಬೇರೆ ಸಣ್ಣ ದುಂಬಿಯೋ ಪಕ್ಕದ ಸಾಲಿನಿಂದ ಬಂದು ಕೂತರೆ ಶಲಾಕಾಗ್ರಕ್ಕೆ, ಅಂದರೆ ಪರಾಗ ಹಿಡಿಯುವ ಹೂವಿನ ಹೆಣ್ಣು ಭಾಗದ ತುದಿಗೆ, ಮೊದಲು ಮುಟ್ಟುವುದು ಪರರ ಪರಾಗ. ಹಣ್ಣಿನಲ್ಲಿ ಎಷ್ಟು ಬೀಜಗಳಿವೆಯೋ ಅಷ್ಟು ಪರಾಗ ಕಣಗಳು ಕೆಲಸ ಮಾಡಿರುತ್ತವೆ. ಕೆಲವು ಅದೇ ಹೂವಿನವು, ಕೆಲವು ಬೇರೆ ಗಿಡದವು ಇರುವುದು ಅಪರೂಪವೇನಲ್ಲ. ಕೀಟಗಳ ಓಡಾಟ, ಗಾಳಿ, ಹೂವಿನ ರಚನೆಗಳನ್ನು ಅವಲಂಬಿಸಿ ಈ ಬೆರಕೆಯ ಪ್ರಮಾಣ ಒಂದು ತೋಟದಿಂದ ಇನ್ನೊಂದಕ್ಕೆ ಬಹಳ ವ್ಯತ್ಯಾಸವಾಗುತ್ತದೆ. ಟೊಮೇಟೊ ಬೀಜವನ್ನು ನಿಶ್ಚಿಂತೆಯಿಂದ ಉಳಿಸಿಕೊಂಡು ಬಂದವರೇ ಮೆಣಸಿನ ವಿಷಯದಲ್ಲಿ ಹೆಚ್ಚಾಗಿ ಎಡವುವುದು ಇದೇ ಕಾರಣಕ್ಕೆ. ಟೊಮೇಟೊ ಹೂವು ಹೊರಗಿನ ಪರಾಗಕ್ಕೆ ಇಷ್ಟು ಸುಲಭವಾಗಿ ಎಡೆ ಕೊಡುವುದಿಲ್ಲ.

ಈಗ ನಿಮಗೆ ಸಮಾಧಾನ ತರುವ ಅಂಶಕ್ಕೆ ಬರುತ್ತೇನೆ. ಖಾರದ ಗುಣ ಪ್ರಬಲವಾದದ್ದು, ಸಿಹಿಯ ಗುಣ ಅಡಗಿ ಕೂರುವಂಥದ್ದು. ತಂದೆ ತಾಯಿ ಇಬ್ಬರಿಂದಲೂ ಖಾರವಿಲ್ಲದ ವಂಶವಾಹಿ ಬಂದಾಗ ಮಾತ್ರ ಗಿಡದ ಕಾಯಿ ಸಿಹಿಯಾಗಿರುತ್ತದೆ. ಒಂದು ಕಡೆಯಿಂದ ಖಾರದ ವಂಶವಾಹಿ ಬಂದರೂ ಸಾಕು, ಆ ಗಿಡದ ಎಲ್ಲ ಕಾಯಿಗಳೂ ಖಾರ. ಅಂದರೆ ಖಾರದ ಮೆಣಸಿನ ಜೊತೆ ಬೆರೆತ ಗಿಡ ತನ್ನನ್ನು ಬಚ್ಚಿಟ್ಟುಕೊಳ್ಳಲಾರದು, ಮೊದಲ ಕಾಯಿಯಲ್ಲೇ ಸಿಕ್ಕಿಬೀಳುತ್ತದೆ. ನಿಮ್ಮ ನಾಲ್ಕು ಸಿಹಿ ಗಿಡಗಳಲ್ಲಿ ಖಾರ ಎಲ್ಲೋ ಅಡಗಿ ಕೂತು ಮುಂದಿನ ತಲೆಮಾರಿನಲ್ಲಿ ಹೊರಬರುತ್ತದೆ ಎಂಬ ಭಯ ಬೇಡ. ಅವುಗಳ ಹೂವಿಗೆ ಹೊಸದಾಗಿ ಹೊರಗಿನ ಪರಾಗ ಬೀಳದಂತೆ ನೋಡಿಕೊಂಡರೆ ಮುಂದಿನ ಗಿಡಗಳೂ ಸಿಹಿಯಾಗಿರುತ್ತವೆ.

ಖಾರದ ಬೆರಕೆಗಿಂತ ನನಗೆ ಹೆಚ್ಚು ಅಪಾಯಕಾರಿ ಎನ್ನಿಸುವುದು ಒಂದು ಸಿಹಿ ತಳಿಗೆ ಇನ್ನೊಂದು ಸಿಹಿ ತಳಿ ಬೆರೆಯುವುದು. ನೀವು ಅದೇ ತೋಟದಲ್ಲಿ ದಪ್ಪ ಮೆಣಸಿನಕಾಯಿಯನ್ನೂ ಬೆಳೆಯುತ್ತಿದ್ದರೆ ಅದರ ಪರಾಗವೂ ಬಂದಿರಬಹುದು. ಹಾಗೆ ಹುಟ್ಟಿದ ಗಿಡದ ಕಾಯಿಯೂ ಸಿಹಿಯಾಗಿಯೇ ಇರುವುದರಿಂದ ನಾಲಿಗೆ ಏನನ್ನೂ ಹೇಳುವುದಿಲ್ಲ. ಅದನ್ನು ಕಣ್ಣಿನಿಂದಲೇ ಹಿಡಿಯಬೇಕು: ಕಾಯಿಯ ಉದ್ದ, ತೊಟ್ಟಿನ ಬಳಿಯ ಭುಜದ ಆಕಾರ, ತುದಿ ಚೂಪೋ ಮೊಂಡೋ, ಗೋಡೆಯ ದಪ್ಪ, ಹಣ್ಣಾದಾಗಿನ ಬಣ್ಣ, ಗಿಡ ಹರಡಿಕೊಳ್ಳುವ ರೀತಿ. ಬೀಜ ಕೊಟ್ಟವರು ಈಗ ಬೆಳೆಯದಿದ್ದರೂ ತಳಿಯ ಕಾಯಿ ಹೇಗಿರುತ್ತಿತ್ತು ಎಂಬುದನ್ನು ಅವರಿಂದ ಕೇಳಿ ಬರೆದಿಟ್ಟುಕೊಳ್ಳಿ. ಹಳೆಯ ತಳಿಯೊಂದು ತನ್ನ ಗುಣ ಉಳಿಸಿಕೊಂಡಿರುವುದು ಯಾರೋ ಪ್ರತಿ ವರ್ಷ ಈ ವಿವರಗಳನ್ನು ನೋಡಿ ಆರಿಸುತ್ತಾ ಬಂದುದರಿಂದಲೇ. ಇಟಲಿಯ ದಕ್ಷಿಣದ ಬಾಸಿಲಿಕಾಟ ಪ್ರಾಂತ್ಯದಿಂದ 1887ರಲ್ಲಿ ಅಮೆರಿಕದ ಕನೆಕ್ಟಿಕಟ್‌ಗೆ ವಲಸೆ ಹೋದ ನಾರ್ಡೆಲ್ಲೊ ಕುಟುಂಬ ಜೊತೆಯಲ್ಲಿ ಒಯ್ದ ಉದ್ದನೆಯ ಸಿಹಿ ಮೆಣಸು ಸುಮಾರು ನೂರು ವರ್ಷ ಮನೆಯ ತೋಟದಲ್ಲೇ ಉಳಿದು, 1983ರಲ್ಲಿ ಸೀಡ್ ಸೇವರ್ಸ್ ಎಕ್ಸ್‌ಚೇಂಜ್ ಎಂಬ ಬೀಜ ಸಂರಕ್ಷಣಾ ಸಂಸ್ಥೆಗೆ ತಲುಪಿತು; ಜಿಮ್ಮಿ ನಾರ್ಡೆಲ್ಲೊ ಎಂಬ ಹೆಸರಿನಲ್ಲಿ ಇಂದು ಹಲವು ದೇಶಗಳಲ್ಲಿ ಬೆಳೆಯುವ ತಳಿ ಅದೇ.

ಗಿಡ ಖಾರದ್ದೋ ಅಲ್ಲವೋ ಎಂದು ತಿಳಿಯಲು ಇಡೀ ಕಾಯಿ ಕಚ್ಚುವ ಸಾಹಸ ಬೇಕಿಲ್ಲ. ಪ್ರತಿ ಗಿಡದ ಮೊದಲ ಬಲಿತ ಕಾಯಿಯನ್ನು ಉದ್ದಕ್ಕೆ ಸೀಳಿ, ದಿಂಡನ್ನು ಬೆಳಕಿಗೆ ಹಿಡಿದು ನೋಡಿ. ಖಾರದ ಕಾಯಿಯಲ್ಲಿ ದಿಂಡಿನ ಮತ್ತು ಪೊರೆಯ ಮೇಲೆ ಹಳದಿ ಛಾಯೆಯ, ಎಣ್ಣೆಯ ಹೊಳಪಿನ ಸಣ್ಣ ಗುಳ್ಳೆಗಳು ಅಂಟಿಕೊಂಡಂತೆ ಕಾಣುತ್ತವೆ. ಸಿಹಿ ಕಾಯಿಯಲ್ಲಿ ಅದೇ ಜಾಗ ಬೆಳ್ಳಗೆ, ನಯವಾಗಿ, ಒಣಕಲಾಗಿ ಇರುತ್ತದೆ. ಸಂದೇಹ ಉಳಿದರೆ ದಿಂಡಿನ ಅಕ್ಕಿಕಾಳಿನಷ್ಟು ಚೂರನ್ನು ನಾಲಿಗೆಯ ತುದಿಗೆ ಮುಟ್ಟಿಸಿ. ಗೋಡೆಯ ತುಂಡನ್ನು ತಿಂದು ನೋಡಿ ಸಿಹಿ ಎಂದು ತೀರ್ಮಾನಿಸಿದವರು ಮೋಸಹೋಗುತ್ತಾರೆ, ಏಕೆಂದರೆ ಖಾರ ಕಡಿಮೆಯಿರುವ ಬೆರಕೆ ಕಾಯಿಯ ತುದಿಯ ಭಾಗ ಬಹುಪಾಲು ಸಪ್ಪೆಯಾಗಿಯೇ ಇರುತ್ತದೆ. ಒಂದು ಗಿಡವನ್ನು ಪರೀಕ್ಷಿಸಿದ ಮೇಲೆ ಚಾಕುವನ್ನೂ ಕೈಯನ್ನೂ ಸೋಪಿನಲ್ಲಿ ತೊಳೆದೇ ಮುಂದಿನದಕ್ಕೆ ಹೋಗಿ. ಇಲ್ಲವಾದರೆ ಸಿಹಿ ಕಾಯಿಯೂ ಖಾರವೆಂದು ತೋರುತ್ತದೆ.

‘ಗಂಡು ಕಾಯಿ, ಹೆಣ್ಣು ಕಾಯಿ’ ಎಂಬ ಮಾತಿಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಹೂವೇ ದ್ವಿಲಿಂಗಿಯಾಗಿರುವಾಗ ಕಾಯಿಗೆ ಲಿಂಗಭೇದವಿಲ್ಲ. ಅಡಿಯಲ್ಲಿ ಮೂರು ಉಬ್ಬು ಇದೆಯೋ ನಾಲ್ಕು ಇದೆಯೋ ಎಂಬುದು ತಳಿಯನ್ನೂ ಆ ಹೂವು ಬೆಳೆದ ಪರಿಸ್ಥಿತಿಯನ್ನೂ ಅವಲಂಬಿಸಿದ್ದು, ಒಂದೇ ಗಿಡದಲ್ಲಿ ಎರಡೂ ಸಿಗುತ್ತವೆ. ರುಚಿಗೂ ಬೀಜದ ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ. ಬೀಜಕ್ಕೆ ಆರಿಸುವಾಗ ಕಾಯಿಗಿಂತ ಗಿಡವನ್ನು ನೋಡಿ. ಸೊರಗಿದ ಗಿಡದಲ್ಲಿ ಬಿಟ್ಟ ಒಂದು ಅಂದದ ಕಾಯಿಗಿಂತ, ತಳಿಯ ಗುಣವನ್ನು ಎಲ್ಲ ಕಾಯಿಗಳಲ್ಲೂ ತೋರುವ ಆರೋಗ್ಯವಂತ ಗಿಡದ ಸಾಧಾರಣ ಕಾಯಿ ಬೀಜಕ್ಕೆ ಮೇಲು.

ಇನ್ನು ನಿಮ್ಮ ಮುಂದಿರುವ ದಾರಿಗಳು. ಎರಡು ಖಾರದ ಗಿಡಗಳನ್ನು ತೆಗೆದು, ಉಳಿದ ನಾಲ್ಕರಲ್ಲಿ ಇನ್ನು ಮುಂದೆ ಅರಳುವ ಹೂಗಳಿಗೆ ಚೀಲ ಕಟ್ಟಿ ಬೀಜ ಮಾಡುವುದು ನಾನು ಮೊದಲು ಸೂಚಿಸುವ ದಾರಿ. ಇದರಲ್ಲಿ ಕೆಲಸ ಹೆಚ್ಚು, ಸಿಗುವ ಹಣ್ಣು ಕಡಿಮೆ. ಅಲ್ಲದೆ ನಾಲ್ಕೂ ಗಿಡಗಳು ಒಂದೇ ಹಣ್ಣಿನ ಮಕ್ಕಳಾದ್ದರಿಂದ ತಳಿಯ ವೈವಿಧ್ಯ ಸ್ವಲ್ಪ ಕುಗ್ಗುತ್ತದೆ. ಮೆಣಸು ಸ್ವಕೀಯ ಪರಾಗಸ್ಪರ್ಶವನ್ನು ತಾಳಿಕೊಳ್ಳುವ ಬೆಳೆಯಾದ್ದರಿಂದ ಇದು ತಕ್ಷಣದ ತೊಂದರೆಯಲ್ಲ, ಆದರೂ ಮುಂದೆ ಐದಾರು ಗಿಡಗಳ ಹಣ್ಣುಗಳಿಂದ ಬೀಜ ತೆಗೆದು ಬೆರೆಸುವುದು ಒಳ್ಳೆಯ ಅಭ್ಯಾಸ. ಎರಡನೆಯ ದಾರಿ, ಈ ವರ್ಷದ ಗಿಡಗಳನ್ನೆಲ್ಲ ಊಟಕ್ಕೆ ಬಿಟ್ಟು, ಪೊಟ್ಟಣದಲ್ಲಿ ಉಳಿದ ಮೂಲ ಬೀಜದಿಂದ ಮತ್ತೆ ಆರಂಭಿಸುವುದು. ತಳಿಯ ಶುದ್ಧತೆಯ ದೃಷ್ಟಿಯಿಂದ ಇದು ಉತ್ತಮ, ಆದರೆ ಹಳೆಯ ಬೀಜ ಮೊಳೆಯದೇ ಹೋದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಸಾಧ್ಯವಾದರೆ ಎರಡನ್ನೂ ಒಟ್ಟಿಗೆ ಮಾಡಿ.

ಖಾರದ ಬೆರಕೆ ಗಿಡಗಳ ಬಗ್ಗೆ ಕೆಲವರಿಗೆ ಕುತೂಹಲವಿರುತ್ತದೆ. ಅವುಗಳ ಸ್ವಂತ ಪರಾಗದಿಂದ ಬಂದ ಬೀಜ ಬಿತ್ತಿದರೆ ಸರಿಸುಮಾರು ನಾಲ್ಕರಲ್ಲಿ ಒಂದು ಗಿಡ ಮತ್ತೆ ಸಿಹಿಯಾಗುತ್ತದೆ, ಆದರೆ ಆಕಾರ, ಗಾತ್ರ, ಗೋಡೆಯ ದಪ್ಪ ಎಲ್ಲವೂ ಚದುರಿಹೋಗಿರುತ್ತವೆ. ಅದನ್ನು ಒಂದು ಸ್ಥಿರ ತಳಿಯಾಗಿಸಲು ಆರೇಳು ತಲೆಮಾರಿನ ಆಯ್ಕೆ ಬೇಕು. ಅದು ಹೊಸ ತಳಿ ಮಾಡುವವರ ಸಂತೋಷ; ಹಳೆಯ ತಳಿ ಉಳಿಸಬೇಕೆಂದಿರುವ ನೀವು ಅದರಲ್ಲಿ ತೊಡಗುವುದಾದರೆ ಬೇರೆ ಜಾಗದಲ್ಲಿ, ಬೇರೆ ಹೆಸರಿನ ಚೀಟಿ ಹಚ್ಚಿ ತೊಡಗಿ. ಖಾರದ ಮೆಣಸನ್ನು ಪೂರ್ತಿ ಕೈಬಿಡುವುದರಿಂದಲೂ ಸಮಸ್ಯೆ ತೀರುವುದಿಲ್ಲ. ತಳಿಗಳ ನಡುವೆ ನೂರಾರು ಮೀಟರ್ ಅಂತರ ಬೇಕೆನ್ನುವ ಬೆಳೆಯಲ್ಲಿ ನೆರೆಮನೆಯ ಕುಂಡದ ಗಿಡವೂ ಲೆಕ್ಕಕ್ಕೆ ಬರುತ್ತದೆ. ಮನೆಯ ತೋಟದಲ್ಲಿ ಅಂತರಕ್ಕಿಂತ ಚೀಲವೇ ನಂಬಿಕೆಗೆ ಅರ್ಹ.

ಚೀಲ ಕಟ್ಟುವ ಕೆಲಸದಲ್ಲಿ ಮುಖ್ಯವಾದುದು ಹೊತ್ತು. ನಾಳೆ ಬೆಳಿಗ್ಗೆ ಅರಳಲಿರುವ ಮೊಗ್ಗು ಇಂದು ಸಂಜೆಗೆ ಬೆಳ್ಳಗೆ ಊದಿಕೊಂಡು, ದಳಗಳ ತುದಿ ಮಾತ್ರ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಅಂಥ ಎರಡು ಮೂರು ಮೊಗ್ಗುಗಳಿರುವ ರೆಂಬೆಯನ್ನು ಆರಿಸಿ. ಆ ರೆಂಬೆಯಲ್ಲಿ ಆಗಲೇ ಅರಳಿದ ಹೂವನ್ನೂ ಕಟ್ಟಿದ ಕಾಯಿಯನ್ನೂ ತಪ್ಪದೆ ಕಿತ್ತುಹಾಕಿ. ಬೆಳಕೂ ಗಾಳಿಯೂ ಆಡುವ, ಆದರೆ ಕೀಟ ನುಸುಳದ ತೆಳು ಜಾಲರಿ ಬಟ್ಟೆಯ ಚೀಲವನ್ನು ತೊಡಿಸಿ, ಬಾಯಿಯ ಬಳಿ ರೆಂಬೆಗೆ ಸ್ವಲ್ಪ ಹತ್ತಿ ಸುತ್ತಿ ಸಡಿಲವಾಗಿ ಕಟ್ಟಿ. ಹತ್ತಿಯಿಲ್ಲದಿದ್ದರೆ ಇರುವೆ, ಥ್ರಿಪ್ಸ್ ನುಸಿಗಳು ಆ ಸಂದಿಯಲ್ಲೇ ಒಳಹೋಗುತ್ತವೆ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ, ಒಳಗಿನ ಕಾವಿಗೆ ಹೂವು ಬೆಂದುಹೋಗುತ್ತದೆ. ಹೂವು ಅರಳಿದ ದಿನ ಮತ್ತು ಮರುದಿನ, ಬಿಸಿಲೇರುವ ಮುನ್ನ ಇಬ್ಬನಿ ಆರಿದ ಹೊತ್ತಿನಲ್ಲಿ, ಚೀಲದ ಮೇಲಿನಿಂದಲೇ ರೆಂಬೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಪರಾಗ ತನ್ನದೇ ಶಲಾಕಾಗ್ರದ ಮೇಲೆ ಉದುರುತ್ತದೆ. ಕಾಯಿ ಬಟಾಣಿಯಷ್ಟಾದಾಗ ಚೀಲ ತೆಗೆದು, ತೊಟ್ಟಿಗೆ ಬಣ್ಣದ ದಾರ ಕಟ್ಟಿ. ಈ ದಾರ ಮರೆತವರು ಬೀಜದ ಹಣ್ಣನ್ನು ಪಲ್ಯಕ್ಕೆ ಹಾಕಿ ಆಮೇಲೆ ಪೇಚಾಡಿದ್ದನ್ನು ಬೇಕಾದಷ್ಟು ಕೇಳಿದ್ದೇನೆ. ಚೀಲದೊಳಗಿನ ಮೊಗ್ಗುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಉದುರಿದರೂ ಗಾಬರಿ ಬೇಡ. ಒಂದು ಗಿಡಕ್ಕೆ ಎರಡು ಹಣ್ಣು ನಿಂತರೆ ಮನೆಯ ತೋಟಕ್ಕೆ ಬೇಕಾದ ಬೀಜ ಧಾರಾಳವಾಗಿ ಸಿಗುತ್ತದೆ.

ದಾರ ಕಟ್ಟಿದ ಕಾಯಿ ಪೂರ್ತಿ ಬಣ್ಣ ತಿರುಗಿ, ಚರ್ಮ ಸ್ವಲ್ಪ ಮೆತ್ತಗಾಗುವವರೆಗೆ ಗಿಡದಲ್ಲೇ ಇರಲಿ. ಹಸಿರು ಕಾಯಿಯ ಬೀಜ ನೋಡಲು ಚೆನ್ನಾಗಿದ್ದರೂ ಸರಿಯಾಗಿ ಮೊಳೆಯುವುದಿಲ್ಲ. ಟೊಮೇಟೊ ಬೀಜದಂತೆ ಇದನ್ನು ಹುಳಿ ಬರಿಸುವ ಅಗತ್ಯವಿಲ್ಲ. ದಿಂಡಿನಿಂದ ಉದುರಿಸಿ, ತಟ್ಟೆಯಲ್ಲಿ ತೆಳುವಾಗಿ ಹರಡಿ, ನೇರ ಬಿಸಿಲಿಲ್ಲದ ಗಾಳಿಯಾಡುವ ಜಾಗದಲ್ಲಿ ಒಣಗಿಸಿ. ಬಾಗಿಸಿದರೆ ಬಾಗದೆ ಟಪ್ಪೆಂದು ಮುರಿಯುವಷ್ಟು ಒಣಗಿದಾಗ ಗಾಳಿಯಾಡದ ಸೀಸೆಗೆ ತುಂಬಿ, ತಳಿಯ ಹೆಸರು ಮತ್ತು ವರ್ಷ ಬರೆದು ತಂಪಾದ ಕತ್ತಲೆಯ ಜಾಗದಲ್ಲಿಡಿ. ಎಲೆಯಲ್ಲಿ ಹಸಿರು ಹಳದಿ ಮಚ್ಚೆಯ ಮೊಸಾಯಿಕ್ ಲಕ್ಷಣ ಅಥವಾ ಕಪ್ಪು ಚುಕ್ಕೆ ಇರುವ ಗಿಡದಿಂದ ಬೀಜ ತೆಗೆಯಬೇಡಿ. ಮೆಣಸಿನ ಕೆಲವು ನಂಜುರೋಗಗಳೂ ದುಂಡಾಣು ಎಲೆಚುಕ್ಕೆ ರೋಗವೂ ಬೀಜದ ಮೂಲಕ ಮುಂದಿನ ವರ್ಷಕ್ಕೆ ದಾಟುತ್ತವೆ. ಹಳೆಯ ತಳಿಗಳು ಗಟ್ಟಿ, ಅವಕ್ಕೆ ರೋಗ ಬರುವುದಿಲ್ಲ ಎಂಬ ಮಾತನ್ನೂ ಇಲ್ಲಿಯೇ ತಿದ್ದಬೇಕು. ತಂಬಾಕು ಮೊಸಾಯಿಕ್ ನಂಜಿಗೂ ಎಲೆಚುಕ್ಕೆಗೂ ನಿರೋಧಕ ಗುಣವನ್ನು ಬೇಕೆಂದೇ ಸೇರಿಸಿದ ಹೈಬ್ರಿಡ್ ತಳಿಗಳು ಅನೇಕ ಇವೆ, ಪಾರಂಪರಿಕ ತಳಿಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಅವನ್ನು ಉಳಿಸುವುದಕ್ಕೆ ರುಚಿ ಮತ್ತು ಬೀಜದ ಸ್ವಾತಂತ್ರ್ಯ ಸಾಕಷ್ಟು ಕಾರಣಗಳೇ. ಇಲ್ಲದ ಗುಣವನ್ನು ಅವಕ್ಕೆ ಆರೋಪಿಸಬೇಕಿಲ್ಲ.

ಹೂ ಉದುರುವುದಕ್ಕೆ ಬಹುಪಾಲು ಕಾರಣ ತಾಪಮಾನವೇ. ಹಗಲು 21ರಿಂದ 29 ಡಿಗ್ರಿ ಸೆಲ್ಸಿಯಸ್ ಇದ್ದಾಗ ಸಿಹಿ ಮೆಣಸು ಚೆನ್ನಾಗಿ ಕಾಯಿ ಕಟ್ಟುತ್ತದೆ. ಹಗಲು 32 ಡಿಗ್ರಿ ದಾಟಿದರೆ, ಅಥವಾ ರಾತ್ರಿ 24ಕ್ಕಿಂತ ಮೇಲೆ ಇಲ್ಲವೇ 15ಕ್ಕಿಂತ ಕೆಳಗೆ ಹೋದರೆ ಪರಾಗ ಶಕ್ತಿಗುಂದಿ ಹೂವು ತೊಟ್ಟಿನ ಸಮೇತ ಕಳಚುತ್ತದೆ. ದಪ್ಪ ಗೋಡೆಯ ದೊಡ್ಡ ಕಾಯಿಗಳ ತಳಿಗಳು ಖಾರದ ಸಣ್ಣ ಮೆಣಸಿಗಿಂತ ಈ ವಿಷಯದಲ್ಲಿ ನಾಜೂಕು. ಮಧ್ಯಾಹ್ನದ ಬಿಸಿಲಿಗೆ ನೆರಳುಬಲೆ ಕಟ್ಟಿ, ಬುಡಕ್ಕೆ ಒಣ ಎಲೆಯ ಹೊದಿಕೆ ಹಾಕಿ, ಸೆಕೆ ಇಳಿಯುವವರೆಗೆ ಕಾಯಿರಿ. ಗಿಡ ಮತ್ತೆ ಹೂ ಬಿಡುತ್ತದೆ. ಈ ಹೊತ್ತಿನಲ್ಲಿ ಹೆಚ್ಚು ಗೊಬ್ಬರ ಕೊಡುವುದು ಸಾಮಾನ್ಯ ತಪ್ಪು. ಸಾರಜನಕ ಅತಿಯಾದರೆ ಗಿಡ ಕಡುಹಸಿರಾಗಿ ಸೊಕ್ಕಿ ಬೆಳೆಯುತ್ತದೆಯೇ ಹೊರತು ಕಾಯಿ ಕಟ್ಟುವುದಿಲ್ಲ. ಚೀಲ ಕಟ್ಟುವುದನ್ನೂ ಸೆಕೆ ಕಡಿಮೆಯಾದ ವಾರಕ್ಕೆ ಇಟ್ಟುಕೊಳ್ಳಿ.

ಕಾಯಿಯ ತುದಿ ಕಪ್ಪಾಗಿ ಕುಸಿಯುವುದು ರೋಗಾಣುವಿನಿಂದಲ್ಲ, ಆ ಭಾಗಕ್ಕೆ ಕ್ಯಾಲ್ಸಿಯಂ ತಲುಪದಿರುವುದರಿಂದ. ನೀವು ಹಾಕಿದ ಚಿಪ್ಪಿನ ಪುಡಿಯ ಹಿಂದಿನ ತರ್ಕವೂ ಅದೇ ಇರಬೇಕು. ಆದರೆ ಮಣ್ಣಿನಲ್ಲಿ ಕ್ಯಾಲ್ಸಿಯಂ ಇಲ್ಲ ಎಂಬುದಕ್ಕಿಂತ, ಇರುವುದು ಕಾಯಿಯ ತುದಿಯವರೆಗೆ ಹೋಗುತ್ತಿಲ್ಲ ಎಂಬುದೇ ಹೆಚ್ಚಿನ ತೋಟಗಳಲ್ಲಿ ನಿಜ. ಕ್ಯಾಲ್ಸಿಯಂ ಚಲಿಸುವುದು ನೀರಿನ ಹರಿವಿನ ಜೊತೆ. ಎಲೆಗಳು ನೀರನ್ನು ಆವಿಯಾಗಿ ಬಿಡುತ್ತಾ ಜೋರಾಗಿ ಎಳೆದುಕೊಳ್ಳುತ್ತವೆ, ಕಾಯಿ ಅಷ್ಟು ಎಳೆಯಲಾರದು. ಮಣ್ಣು ಒಂದು ದಿನ ಬಿರುಕು ಬಿಡುವಷ್ಟು ಒಣಗಿ ಮರುದಿನ ಕೆಸರಾದರೆ ಮೊದಲು ಸೋಲುವುದು ಕಾಯಿಯ ತುದಿ, ಅದರಲ್ಲೂ ಉದ್ದನೆಯ ಕಾಯಿಗಳದ್ದು. ಚಿಪ್ಪಿನ ಪುಡಿ ಮಣ್ಣಿನಲ್ಲಿ ಬಹಳ ನಿಧಾನವಾಗಿ ಕರಗುವುದರಿಂದ ಈ ಬೆಳೆಗೆ ಪ್ರಯೋಜನವೂ ಇಲ್ಲ, ಹಾನಿಯೂ ಇಲ್ಲ. ಎಪ್ಸಂ ಉಪ್ಪನ್ನು ಮಾತ್ರ ನಿಲ್ಲಿಸಿ. ಅದರಲ್ಲಿರುವುದು ಮೆಗ್ನೀಸಿಯಂ, ಬೇರುಗಳು ಹೀರಿಕೊಳ್ಳುವಾಗ ಅದು ಕ್ಯಾಲ್ಸಿಯಂ ಜೊತೆ ಪೈಪೋಟಿಗಿಳಿದು ತೊಂದರೆಯನ್ನು ಹೆಚ್ಚಿಸಬಲ್ಲದು. ನೀರು ಹದವಾಗಿ, ಒಂದೇ ಪ್ರಮಾಣದಲ್ಲಿ ಸಿಗುವಂತೆ ನೋಡಿಕೊಂಡರೆ ಮೊದಲ ಕಾಯಿಗಳ ನಂತರ ಇದು ಸಾಮಾನ್ಯವಾಗಿ ತಾನಾಗಿ ಕಡಿಮೆಯಾಗುತ್ತದೆ. ಕೆಟ್ಟ ಕಾಯಿಗಳನ್ನು ಕಿತ್ತುಬಿಡಿ. ಬಿಸಿಲು ಬೀಳುವ ಬದಿಯಲ್ಲಿ ಕಾಗದದಂತೆ ಬಿಳಿಚಿದ ಕಲೆ ಕಂಡರೆ ಅದು ಬೇರೆ, ಬಿಸಿಲಿನ ಸುಡುವಿಕೆ. ಅದಕ್ಕೆ ಮದ್ದು ನೆರಳು ಮತ್ತು ಎಲೆಗಳನ್ನು ಸವರದೇ ಬಿಡುವುದು.

ಕೊನೆಗೆ ಪೊಟ್ಟಣದಲ್ಲಿ ಉಳಿದ ಬೀಜ. ಮೆಣಸಿನ ಬೀಜ ಒಳ್ಳೆಯ ರೀತಿ ಇಟ್ಟರೆ ಮೂರ್ನಾಲ್ಕು ವರ್ಷ ಜೀವಂತವಾಗಿರುತ್ತದೆ, ಆಮೇಲೆ ಮೊಳೆಯುವ ಪ್ರಮಾಣ ಬೇಗ ಇಳಿಯುತ್ತದೆ. ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, 25ರಿಂದ 30 ಡಿಗ್ರಿ ಬೆಚ್ಚನೆಯ ಜಾಗದಲ್ಲಿ ಎರಡು ವಾರ ಇಟ್ಟು ನೋಡಿ. ಏಳೆಂಟು ಮೊಳೆತರೆ ಎಂದಿನಂತೆ ಬಿತ್ತಿ; ಮೂರೇ ಮೊಳೆತರೆ ಒತ್ತಾಗಿ ಬಿತ್ತಿ, ಇನ್ನೊಂದು ವರ್ಷ ಕಾಯಬೇಡಿ. ಪರೀಕ್ಷೆಯಲ್ಲಿ ಮೊಳೆತವನ್ನು ಬಿಸಾಡದೆ ಸಸಿ ತಟ್ಟೆಗೆ ನೆಡಬಹುದು. ಪ್ರಮಾಣ ಚೆನ್ನಾಗಿದ್ದರೆ ಪೊಟ್ಟಣದ ಅರ್ಧವನ್ನಷ್ಟೇ ಬಳಸಿ. ಈ ವರ್ಷ ಚೀಲ ಕಟ್ಟಿ ಮಾಡಿದ ಬೀಜದಿಂದ ಬಂದ ಗಿಡಗಳ ದಿಂಡನ್ನು ಸೀಳಿ ನೋಡಿ, ಕಾಯಿಯ ಆಕಾರವೂ ತಳಿಯದ್ದೇ ಎಂದು ಖಚಿತವಾಗುವವರೆಗೆ ಉಳಿದರ್ಧ ಸೀಸೆಯಲ್ಲೇ ಇರಲಿ.